ಪಾಡ್‌ಕಾಸ್ಟ್: ‘ನೆಟ್ ಇಲ್ಲ’ ಅನ್ನುವ ಮುಂಚೆ... ವೈಫೈ ಕೈಕೊಟ್ಟಾಗ ಎಲ್ಲಿಂದ ನೋಡಬೇಕು?

ಇವತ್ತು ಮನೆ, ಅಂಗಡಿ, ಆಫೀಸುಗಳಲ್ಲಿರುವ ವೈಫೈ ಬಗ್ಗೆ ಮಾತಾಡೋಣ. ನಾನು ಚಿತ್ರದುರ್ಗದಲ್ಲಿ ಇದ್ದುಕೊಂಡು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಗೆಲ್ಲ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಕೆಲಸಕ್ಕೆ ಓಡಾಡುವವನು. ನನಗೆ ಬರುವ ಫೋನ್‌ಗಳಲ್ಲಿ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ‘ಅಣ್ಣಾ, ನೆಟ್ ಇಲ್ಲ.’ ಇನ್ನು ಕೆಲವರು ಸ್ವಲ್ಪ ವಿವರವಾಗಿ ಹೇಳ್ತಾರೆ: ‘ವೈಫೈ ಐತಣ್ಣ, ಆದ್ರೆ ನೆಟ್ ಇಲ್ಲ.’

ನೋಡಿ, ‘ನೆಟ್ ಇಲ್ಲ’ ಅನ್ನೋದು ಕಾಯಿಲೆಯ ಹೆಸರಲ್ಲ. ಡಾಕ್ಟರ ಹತ್ತಿರ ಹೋಗಿ ‘ಮೈ ಹುಷಾರಿಲ್ಲ’ ಅಂದ ಹಾಗೆ ಅದು. ಜ್ವರವಾ, ಹೊಟ್ಟೆನೋವಾ, ನಿದ್ದೆಗೆಟ್ಟಿದ್ದೀರಾ ಅಂತ ಕೇಳದೆ ಮಾತ್ರೆ ಕೊಡೋಕೆ ಆಗಲ್ಲ. ಆದರೆ ವೈಫೈ ವಿಷಯದಲ್ಲಿ ನಾವು ಕೇಳದೆಯೇ ಮಾತ್ರೆ ನುಂಗ್ತೀವಿ. ಮೊದಲು ರೌಟರ್ ಆಫ್ ಮಾಡಿ ಆನ್ ಮಾಡ್ತೀವಿ. ಆಗಲಿಲ್ಲ ಅಂದ್ರೆ ಹಿಂದಿರುವ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡ್ತೀವಿ. ಅದೂ ಆಗಲಿಲ್ಲ ಅಂದ್ರೆ ಎರಡು ಮೂರು ಸಾವಿರ ಕೊಟ್ಟು ಹೊಸ ರೌಟರ್ ತರ್ತೀವಿ. ಕೊನೆಗೆ ನೋಡಿದರೆ ಹಳೆಯ ರೌಟರ್ ಚೆನ್ನಾಗಿಯೇ ಇರುತ್ತೆ, ತೊಂದರೆ ಬೇರೆಲ್ಲೋ ಇರುತ್ತೆ.

ಮನೆಯಲ್ಲಿ ಹೀಗಾದರೆ ದುಡ್ಡು ಹೋಗುತ್ತೆ, ಒಂದು ಸಿನಿಮಾ ತಪ್ಪುತ್ತೆ, ಅಷ್ಟೇ. ಆದರೆ ಪಹಣಿ ತೆಗೆಸೋಕೆ, ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕೋಕೆ ಅಂತ ಹಳ್ಳಿಯಿಂದ ಬಸ್ ಹತ್ತಿ ಬಂದವರನ್ನು ಯೋಚನೆ ಮಾಡಿ. ಕೌಂಟರ್‌ನಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರೆ ಅವರಿಗೆ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಹೋಯ್ತು. ಅರ್ಜಿಯ ಕೊನೆಯ ದಿನವಾಗಿದ್ದರೆ ಅವಕಾಶವೇ ಹೋಯ್ತು. ಸರ್ವರ್ ನಿಜವಾಗಿಯೂ ಇಲ್ಲದ ದಿನಗಳು ಇವೆ, ಇಲ್ಲ ಅನ್ನಲ್ಲ. ಆದರೆ ಟೇಬಲ್ ಕೆಳಗೆ ಯಾರದೋ ಕಾಲು ತಾಗಿ ಕೇಬಲ್ ಸಡಿಲವಾಗಿದ್ದ ದಿನವೂ ಇದೇ ಮಾತು ಕೇಳಿಬರುತ್ತೆ. ಹಾಗಾಗಿ ಇವತ್ತು ನಾನು ಹೇಳೋದು ಒಂದೇ ವಿಷಯ. ರಿಪೇರಿ ಆಮೇಲೆ, ಮೊದಲು ತೊಂದರೆ ಯಾವ ಜಾಗದಲ್ಲಿದೆ ಅಂತ ಹುಡುಕೋದು. ಅದಕ್ಕೆ ಐದು ನಿಮಿಷ ಸಾಕು, ಇಂಜಿನಿಯರಿಂಗ್ ಓದಿರಬೇಕಿಲ್ಲ.

ಇದು ಅರ್ಥವಾಗಲು ನಮ್ಮ ಮಾರಿಕಣಿವೆಯನ್ನೇ ತಗೊಳ್ಳಿ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳಾದ ಮೇಲೆ. ಈಗ ಡ್ಯಾಂ ತುಂಬಿದೆ ಅಂತ ಇಟ್ಕೊಳ್ಳಿ. ಆದರೂ ನಿಮ್ಮ ತೋಟಕ್ಕೆ ನೀರು ಬರ್ತಿಲ್ಲ. ಏನು ನೋಡ್ತೀರಿ? ತೂಬು ಎತ್ತಿದ್ದಾರಾ, ಕಾಲುವೆ ಎಲ್ಲಾದರೂ ಒಡೆದಿದೆಯಾ, ನಮ್ಮ ತೋಟದ ಬಾಯಲ್ಲಿ ಕಸ ಕಟ್ಟಿದೆಯಾ, ಇಲ್ಲಾ ತೋಟದೊಳಗಿನ ಪೈಪೇ ಸೀಳಿದೆಯಾ. ಪಕ್ಕದ ತೋಟಕ್ಕೆ ನೀರು ಹರೀತಿದೆ ಅಂದ್ರೆ ಡ್ಯಾಂ ಹತ್ತಿರ ಹೋಗಿ ಜಗಳ ಮಾಡಲ್ಲ ತಾನೇ?

ಇಂಟರ್ನೆಟ್ ಕೂಡ ಹಾಗೆಯೇ ನಾಲ್ಕು ಹಂತ ದಾಟಿ ಬರುತ್ತೆ. ಒಂದು, ನೀವು ತೆರೆಯಬೇಕಾದ ವೆಬ್‌ಸೈಟ್, ಅಂದರೆ ಸರ್ವರ್. ಎರಡು, ಅಲ್ಲಿಂದ ನಿಮ್ಮ ಮನೆವರೆಗಿನ ಲೈನ್, ಈಗ ಬಹಳ ಕಡೆ ಅದು ಫೈಬರ್. ಮೂರು, ನಿಮ್ಮ ಗೋಡೆ ಮೇಲಿನ ಡಬ್ಬಿ, ಅಂದರೆ ರೌಟರ್. ನಾಲ್ಕು, ರೌಟರಿನಿಂದ ನಿಮ್ಮ ಮೊಬೈಲ್, ಲ್ಯಾಪ್‌ಟಾಪ್‌ವರೆಗೆ ಗಾಳಿಯಲ್ಲಿ ಹೋಗುವ ವೈಫೈ. ಗಮನಿಸಿ, ವೈಫೈ ಅನ್ನೋದು ಈ ಕೊನೆಯ ಹಂತದ ಹೆಸರು ಮಾತ್ರ. ಮೊಬೈಲ್‌ನಲ್ಲಿ ವೈಫೈ ಗುರುತು ತುಂಬಾ ಕಾಣಿಸ್ತಿದೆ ಅಂದರೆ ರೌಟರ್ ಜೊತೆ ಮಾತುಕತೆ ಚೆನ್ನಾಗಿದೆ ಅಂತ ಅರ್ಥ. ಆ ರೌಟರಿಗೆ ಹೊರಗಿನಿಂದ ನೆಟ್ ಬರ್ತಿದೆಯೋ ಇಲ್ಲವೋ ಅನ್ನೋದು ಬೇರೆ ಮಾತು. ‘ವೈಫೈ ಐತೆ, ನೆಟ್ ಇಲ್ಲ’ ಅನ್ನುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಸರಿಯಾಗಿಯೇ ಹೇಳ್ತಿರ್ತಾರೆ.

ಈಗ ಮೊದಲ ಪ್ರಶ್ನೆ. ತೊಂದರೆ ಒಬ್ಬರಿಗೋ, ಎಲ್ಲರಿಗೋ? ಮನೆಯಲ್ಲಿ ಇನ್ನೊಂದು ಮೊಬೈಲ್ ಇರುತ್ತಲ್ಲ, ಅದನ್ನು ಅದೇ ವೈಫೈಗೆ ಹಾಕಿ ನೋಡಿ. ಆದರೆ ಒಂದು ಎಚ್ಚರಿಕೆ: ಅದರ ಮೊಬೈಲ್ ಡೇಟಾ ಆಫ್ ಮಾಡಿಯೇ ನೋಡಬೇಕು. ಇಲ್ಲಾಂದ್ರೆ ವೈಫೈ ಸತ್ತಿದ್ದರೂ ಸಿಮ್ ನೆಟ್‌ನಲ್ಲಿ ವಿಡಿಯೊ ಓಡ್ತಿರುತ್ತೆ, ನೀವು ವೈಫೈ ಸರಿಯಿದೆ ಅಂದ್ಕೊಳ್ತೀರಿ. ಇನ್ನೊಂದು ಮೊಬೈಲ್‌ನಲ್ಲಿ ಬಂತು ಅಂದರೆ ಲೈನೂ ಸರಿ, ರೌಟರೂ ಸರಿ, ತೊಂದರೆ ನಿಮ್ಮ ಕೈಯಲ್ಲಿರುವ ಸಾಧನದ್ದು. ಯಾವುದರಲ್ಲೂ ಬರಲಿಲ್ಲ ಅಂದರೆ ಮೊಬೈಲ್‌ಗಳನ್ನು ಬಿಟ್ಟು ರೌಟರ್ ಹತ್ತಿರ ನಡೀರಿ.

ಎರಡನೇ ಪ್ರಶ್ನೆ. ಎಲ್ಲ ಸೈಟೂ ತೆರೀತಿಲ್ವಾ, ಒಂದೇ ಸೈಟಾ? ಆಫೀಸು, ಸೇವಾ ಕೇಂದ್ರ ನಡೆಸುವವರಿಗೆ ಇದು ಬಹಳ ಮುಖ್ಯ. ಬೇರೆ ಸೈಟ್ ಎಲ್ಲ ತೆರೀತಿದೆ, ಒಂದು ಸರ್ಕಾರಿ ಪೋರ್ಟಲ್ ಮಾತ್ರ ಸುತ್ತುತ್ತಾ ಇದೆ ಅನ್ನಿ. ಆಗ ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಆನ್ ಮಾಡಿ, ಕಂಪ್ಯೂಟರನ್ನು ಅದಕ್ಕೆ ಸೇರಿಸಿ ಅದೇ ಪೋರ್ಟಲ್ ತೆರೆಯಿರಿ. ಹಾಟ್‌ಸ್ಪಾಟ್‌ನಲ್ಲೂ ತೆರೀಲಿಲ್ಲ ಅಂದರೆ ಬಹುಮಟ್ಟಿಗೆ ಸರ್ವರ್ ತೊಂದರೆಯೇ, ಕ್ಯೂನಲ್ಲಿ ನಿಂತವರಿಗೆ ಧೈರ್ಯವಾಗಿ ಹೇಳಬಹುದು. ಹಾಟ್‌ಸ್ಪಾಟ್‌ನಲ್ಲಿ ತೆರೀತು ಅಂದರೆ ಸರ್ವರ್ ಮೇಲೆ ಗೂಬೆ ಕೂರಿಸಬೇಡಿ, ತೊಂದರೆ ನಮ್ಮ ಕಡೆಯೇ ಇದೆ. ಅವತ್ತಿನ ಅರ್ಜಿಗಳನ್ನು ಹಾಟ್‌ಸ್ಪಾಟ್‌ನಲ್ಲೇ ಹಾಕಿಕೊಟ್ಟು ಜನರನ್ನು ಕಳಿಸಿ, ಆಮೇಲೆ ನಿಧಾನಕ್ಕೆ ನಮ್ಮ ನೆಟ್ ನೋಡೋಣ.

ಸರಿ, ಈಗ ರೌಟರ್ ಹತ್ತಿರ ಬಂದಿದ್ದೀವಿ. ಅದರ ಮೇಲೆ ಸಾಲಾಗಿ ದೀಪಗಳಿವೆ. ಕಂಪನಿಯಿಂದ ಕಂಪನಿಗೆ ಬಣ್ಣ ಸ್ವಲ್ಪ ಬದಲಾಗುತ್ತೆ, ಆದರೆ ಫೈಬರ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಪವರ್, ಪಾನ್, ಲಾಸ್, ಇಂಟರ್ನೆಟ್, ವೈಫೈ ಅಂತ ಹೆಸರು ಇರುತ್ತೆ. ಇಲ್ಲಿ ಲಾಸ್ ಅಂದರೆ ನಷ್ಟ ಅಂತಲ್ಲ, ಫೈಬರ್‌ನಲ್ಲಿ ಬರಬೇಕಾದ ಬೆಳಕು ಬರ್ತಿಲ್ಲ ಅಂತ. ಅದು ಕೆಂಪಗೆ ಮಿಣುಕುತ್ತಿದ್ದರೆ ನೀವು ಎಷ್ಟು ಸಲ ಆಫ್ ಆನ್ ಮಾಡಿದರೂ ಉಪಯೋಗವಿಲ್ಲ. ಎಲ್ಲೋ ಫೈಬರ್ ತುಂಡಾಗಿದೆ, ಬಾಗಿದೆ, ಇಲ್ಲವೇ ಕನೆಕ್ಟರ್ ಸಡಿಲವಾಗಿದೆ. ನಮ್ಮ ಕಡೆ ಫೈಬರ್ ಬಹಳಷ್ಟು ಕಂಬದಿಂದ ಕಂಬಕ್ಕೆ ನೇತಾಡಿಕೊಂಡೇ ಬರುತ್ತೆ. ಹುಲ್ಲಿನ ಲೋಡು ತುಂಬಿದ ಟ್ರ್ಯಾಕ್ಟರ್ ಹೋದರೆ ಸಾಕು, ರಸ್ತೆ ಅಗೆದರೆ ಸಾಕು, ತೆಂಗಿನ ಗರಿ ಬಿದ್ದರೆ ಸಾಕು. ಮನೆಯ ಮುಂದೆ ಒಮ್ಮೆ ಕಣ್ಣು ಹಾಯಿಸಿ, ಹರಿದು ನೇತಾಡ್ತಿದ್ದರೆ ಆಪರೇಟರಿಗೆ ಅದನ್ನೇ ಹೇಳಿ.

ಇನ್ನೊಂದು ಮಾತು. ತುಂಡಾದ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ‘ಬೆಳಕು ಬರ್ತಿದೆಯಾ’ ಅಂತ ನೋಡಲೇಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ನಮ್ಮ ಕಣ್ಣಿಗೆ ಕಾಣಿಸಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ಫೈಬರ್ ಅಂದರೆ ಕೂದಲೆಳೆಯಂಥ ಗಾಜು. ಕರೆಂಟ್ ವೈರಿನ ಹಾಗೆ ಮೂಲೆಯಲ್ಲಿ ಮಡಚಿ ಮೊಳೆ ಹೊಡೆದರೆ ಒಳಗೆ ಬೆಳಕು ಸೋರಿಹೋಗುತ್ತೆ. ಬಳೆಯ ಹಾಗೆ ದುಂಡಗೆ ಸುತ್ತಿಡಿ.

ಪಾನ್ ದೀಪ ಹಸಿರಾಗಿ ನಿಂತಿದೆ, ಲಾಸ್ ಇಲ್ಲ, ಆದರೆ ಇಂಟರ್ನೆಟ್ ದೀಪ ಇಲ್ಲ ಅಥವಾ ಕೆಂಪಗಿದೆ. ಆಗ ಲೈನ್ ಬಂದಿದೆ, ಆದರೆ ಲಾಗಿನ್ ಆಗ್ತಿಲ್ಲ ಅಂತ ಊಹಿಸಬಹುದು. ಮೊದಲು ರೀಚಾರ್ಜ್ ಮುಗಿದಿದೆಯಾ ನೋಡಿ. ನಗಬೇಡಿ, ಇದು ಬಹಳ ಸಾಮಾನ್ಯ. ತಿಂಗಳ ದುಡ್ಡು ಕಟ್ಟಿದ್ದರೂ ಆಗದಿದ್ದರೆ ಆಪರೇಟರ್ ಕಡೆಯ ಕೆಲಸ.

ಇಲ್ಲಿ ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ ಅನ್ನೋದನ್ನು ದಯವಿಟ್ಟು ನೆನಪಿಡಿ. ರೀಸ್ಟಾರ್ಟ್ ಅಂದರೆ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು, ಆನ್ ಮಾಡೋದು. ಆನ್ ಆದ ಮೇಲೆ ಮೂರು ನಾಲ್ಕು ನಿಮಿಷ ಸುಮ್ಮನಿರಬೇಕು, ಅದಕ್ಕೆ ಎದ್ದು ಕೂರೋಕೆ ಟೈಮ್ ಬೇಕು. ಇದರಿಂದ ಹಾನಿಯಿಲ್ಲ. ರೀಸೆಟ್ ಅಂದರೆ ಆ ಸಣ್ಣ ತೂತಿನ ಬಟನ್ ಒತ್ತಿ ಹಿಡಿಯೋದು. ಅದು ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಅಷ್ಟೇ ಅಲ್ಲ, ಆಪರೇಟರ್ ಹಾಕಿದ್ದ ಲಾಗಿನ್ ಮತ್ತು ಸೆಟ್ಟಿಂಗ್ ಎಲ್ಲವನ್ನೂ ಅಳಿಸಬಹುದು. ಕೆಲವು ಕಂಪನಿಗಳ ಡಬ್ಬಿ ತಾನೇ ಅದನ್ನು ಮತ್ತೆ ತುಂಬಿಕೊಳ್ಳುತ್ತೆ. ಸ್ಥಳೀಯ ಆಪರೇಟರ್‌ಗಳ ಬಹಳಷ್ಟು ಡಬ್ಬಿಗಳಿಗೆ ಹುಡುಗ ಬಂದೇ ಹಾಕಬೇಕು. ಅರ್ಧ ಗಂಟೆಯಲ್ಲಿ ಬರಬೇಕಿದ್ದ ನೆಟ್ ಎರಡು ದಿನ ಹೋಗುತ್ತೆ. ಪಿನ್ನನ್ನು ದೂರ ಇಡಿ.

ಕರೆಂಟ್ ವಿಷಯಕ್ಕೆ ಬರೋಣ. ನಮ್ಮ ತಾಲ್ಲೂಕುಗಳಲ್ಲಿ ಕರೆಂಟ್ ಹೋಗಿಬಂದು ಮಾಡುವ ಊರುಗಳಲ್ಲಿ ರೌಟರಿಗಿಂತ ಮೊದಲು ಸಾಯೋದು ಅಡಾಪ್ಟರ್. ದೀಪ ಎಲ್ಲ ಉರಿಯುತ್ತೆ, ಆದರೆ ನಾಲ್ಕು ಜನ ಸೇರಿ ವಿಡಿಯೊ ಹಾಕಿದ ತಕ್ಷಣ ರೌಟರ್ ತಾನೇ ಆಫ್ ಆಗಿ ಆನ್ ಆಗುತ್ತೆ. ಹೀಗಾದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ. ಹೊಸದು ತರುವಾಗ ಹಳೆಯದರ ಮೇಲೆ ಬರೆದಿರುವ ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಇರಬೇಕು. ಬಹಳಷ್ಟು ರೌಟರ್‌ಗಳಿಗೆ 12 ವೋಲ್ಟ್. ಪಿನ್ ಕೂರುತ್ತೆ ಅಂತ ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಸಿಕ್ಕಿಸಬೇಡಿ.

ರೌಟರಿಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತೆ, ಕರೆಂಟ್ ಹೋದಾಗ ಒಂದೆರಡು ತಾಸು ನಡೆಸುತ್ತೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯವರು ಹಾಕಿಸಿಕೊಂಡರೆ ಒಳ್ಳೆಯದು. ಹಾಕಿಸಿದ ಮೇಲೂ ಕೆಲವರು ಕೇಳ್ತಾರೆ, ‘ರೌಟರ್ ಆನ್ ಐತೆ, ನೆಟ್ ಯಾಕಿಲ್ಲ?’ ಅಂತ. ಫೈಬರ್ ದಾರಿಯಲ್ಲಿ ಕವಲೊಡೆಯುವ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಆದರೆ ಅದರ ಆಚೆ ತುದಿಯಲ್ಲಿ, ಆಪರೇಟರ್ ಕೋಣೆಯಲ್ಲಿರುವ ಯಂತ್ರಕ್ಕೆ ಬೇಕೇ ಬೇಕು. ಅಲ್ಲಿಯ ಬ್ಯಾಟರಿ ಮುಗಿದರೆ ನಿಮ್ಮ ಯುಪಿಎಸ್ ಏನೂ ಮಾಡಲ್ಲ. ಗುಡುಗು ಸಿಡಿಲಿನ ಮಳೆ ಬಂದಾಗ ಗಾಜಿನ ಫೈಬರ್ ಒಳಗಿಂದ ಕರೆಂಟ್ ಬರಲ್ಲ, ಆದರೆ ಪ್ಲಗ್‌ನಿಂದ, ಮನೆಯಿಂದ ಹೊರಗೆ ಎಳೆದ ತಾಮ್ರದ ಲ್ಯಾನ್ ಕೇಬಲ್‌ನಿಂದ ಬರುತ್ತೆ. ಎರಡನ್ನೂ ಕಿತ್ತಿಡಿ.

ಇನ್ನು ಗಾಳಿಯ ಹಂತ, ಅಂದರೆ ನಿಜವಾದ ವೈಫೈ. ರೌಟರ್ ಪಕ್ಕದಲ್ಲಿ ನಿಂತರೆ ಚೆನ್ನಾಗಿ ಬರುತ್ತೆ, ಅಡುಗೆಮನೆಗೆ ಹೋದರೆ ಇಲ್ಲ. ಇದು ರೌಟರ್ ಕೆಟ್ಟಿದ್ದಲ್ಲ, ಅದನ್ನು ಇಟ್ಟ ಜಾಗದ ತೊಂದರೆ. ವೈಫೈ ಹೆಚ್ಚಾಗಿ ಎರಡು ದಾರಿಯಲ್ಲಿ ಓಡುತ್ತೆ. 2.4 ಗಿಗಾಹರ್ಟ್ಸ್ ಒಂದು, 5 ಗಿಗಾಹರ್ಟ್ಸ್ ಇನ್ನೊಂದು. 2.4 ನಿಧಾನ, ಆದರೆ ದೂರ ಹೋಗುತ್ತೆ, ಗೋಡೆ ದಾಟುತ್ತೆ. 5 ವೇಗ, ಆದರೆ ಒಂದೆರಡು ಗೋಡೆಗೇ ಸುಸ್ತು. ನಮ್ಮ ದೇಶದಲ್ಲಿ 2.4 ಅನ್ನು ಲೈಸೆನ್ಸ್ ಇಲ್ಲದೆ ಬಳಸಲು 2005ರಲ್ಲಿ ಮುಕ್ತ ಮಾಡಿದರು, 5ರಲ್ಲಿ ಹೆಚ್ಚಿನ ಜಾಗ ಬಿಟ್ಟುಕೊಟ್ಟಿದ್ದು 2018ರಲ್ಲಿ. ಲೈಸೆನ್ಸ್ ಬೇಡ ಅಂದರೆ ಯಾರು ಬೇಕಾದರೂ ಬಳಸಬಹುದು ಅಂತ. ಹಾಗಾಗಿ 2.4 ಅನ್ನೋದು ಸಂತೆ ಬೀದಿ ಇದ್ದ ಹಾಗೆ. ಬ್ಲೂಟೂತ್ ಅಲ್ಲೇ ಓಡುತ್ತೆ, ಮೈಕ್ರೋವೇವ್ ಒಲೆಯೂ ಅಲ್ಲೇ ಗಲಾಟೆ ಮಾಡುತ್ತೆ, ಪಕ್ಕದ ಮನೆಯವರ ರೌಟರೂ ಅಲ್ಲೇ ಇರುತ್ತೆ.

ಈಗ ನಮ್ಮ ಮನೆಗಳನ್ನು ನೋಡಿ. ಚಿತ್ರದುರ್ಗದ ಕೋಟೆ ಪಕ್ಕದ ಹಳೆಯ ಬೀದಿಗಳಲ್ಲಿ, ಹಳ್ಳಿಗಳ ಮಾಳಿಗೆ ಮನೆಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆ. ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಕೋಟೆ. ಹೊಸ ಆರ್‌ಸಿಸಿ ಮನೆಗಳಲ್ಲಿ ಗೋಡೆ ತೆಳು, ಆದರೆ ತಾರಸಿಯಲ್ಲಿ ಕಬ್ಬಿಣದ ಬಲೆಯಿದೆ, ಮೇಲಿನ ಮಹಡಿಗೆ ಸಿಗ್ನಲ್ ಸೊರಗುತ್ತೆ. ಇಷ್ಟು ಸಾಲದು ಅಂತ ನಾವು ರೌಟರನ್ನು ಎಲ್ಲಿ ಇಡ್ತೀವಿ? ಆಪರೇಟರ್ ಹುಡುಗ ಬಾಗಿಲ ಪಕ್ಕ ತೂತು ಕೊರೆದ ಜಾಗದಲ್ಲಿ, ಟಿವಿ ಹಿಂದೆ, ಕಬ್ಬಿಣದ ಬೀರು ಮೇಲೆ, ‘ನೋಡೋಕೆ ಚೆನ್ನಾಗಿರಲ್ಲ’ ಅಂತ ಶೋಕೇಸ್ ಒಳಗೆ. ಕಬ್ಬಿಣ, ಕನ್ನಡಿ, ನೀರಿನ ಡ್ರಮ್ಮು ಇವೆಲ್ಲ ಸಿಗ್ನಲ್ ತಡೆಯುತ್ತವೆ.

ಮೊದಲ ಔಷಧಿ ಪುಕ್ಕಟೆ. ರೌಟರನ್ನು ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ಬಯಲಾಗಿ ಇಡಿ. ಬಾಗಿಲುಗಳು ಒಂದೇ ಸಾಲಿನಲ್ಲಿದ್ದರೆ ಆ ಸಾಲಿನಲ್ಲೇ ಇಡಿ, ಸಿಗ್ನಲ್ ಗೋಡೆ ತೂರುವ ಬದಲು ಬಾಗಿಲಿಂದ ಹೋಗುತ್ತೆ. 2.4ರಲ್ಲಿ ಅಕ್ಕಪಕ್ಕದವರ ಗಲಾಟೆ ಜಾಸ್ತಿಯಿದ್ದರೆ ರೌಟರ್ ಸೆಟ್ಟಿಂಗ್‌ನಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಖಾಲಿಯಿರುವ ಒಂದನ್ನು ಹಾಕಿ. ಈ ಮೂರು ಒಂದಕ್ಕೊಂದು ಮೈ ತಾಗಿಸಲ್ಲ, ನಡುವಿನವು ಎರಡೂ ಕಡೆಯವರಿಗೆ ತೊಂದರೆ ಕೊಡುತ್ತವೆ.

ಇದಕ್ಕೂ ಬಗ್ಗದಿದ್ದರೆ ಮಾತ್ರ ದುಡ್ಡು ಬಿಚ್ಚಿ. ಆಗಲೂ ರೌಟರಿನಿಂದ ಹಿಂದಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲಿ ಇನ್ನೊಂದು ವೈಫೈ ಡಬ್ಬಿ ಇಡೋದೇ ಗಟ್ಟಿ ಕೆಲಸ. ಕೇಬಲ್ ಇಲ್ಲದ ರಿಪೀಟರ್ ಹಾಕೋದಾದರೆ ಸಿಗ್ನಲ್ ಸತ್ತ ಕೋಣೆಯಲ್ಲಿ ಹಾಕಬೇಡಿ. ಅಲ್ಲಿ ಅದಕ್ಕೇ ಏನೂ ಕೇಳಿಸಲ್ಲ, ಇನ್ನೊಬ್ಬರಿಗೆ ಏನು ಹೇಳುತ್ತೆ? ಸಿಗ್ನಲ್ ಅರ್ಧ ಇರುವ ನಡುವಿನ ಜಾಗದಲ್ಲಿ ಹಾಕಿ. ಹೊಸದುರ್ಗ, ಹೊಳಲ್ಕೆರೆ ಕಡೆಯ ಅಡಿಕೆ ತೆಂಗಿನ ತೋಟದವರು ಕೇಳ್ತಾರೆ, ‘ಮನೆ ವೈಫೈ ತೋಟದ ಮೋಟರ್ ಶೆಡ್ಡಿನ ಕ್ಯಾಮೆರಾಕ್ಕೆ ಬರುತ್ತಾ?’ ಮನೆಯ ರೌಟರಿಂದ ಆಗಲ್ಲ. ನಡುವೆ ಮರಗಳಿವೆ, ಹಸಿ ಎಲೆಯಲ್ಲಿ ನೀರಿದೆ, ಅದು ಸಿಗ್ನಲ್ ನುಂಗುತ್ತೆ. ಮರದ ತಲೆಗಿಂತ ಎತ್ತರದಲ್ಲಿ ಎರಡು ಕಡೆ ಎದುರುಬದುರು ಹೊರಾಂಗಣ ಆಂಟೆನಾ ಹಾಕಬೇಕು, ಇಲ್ಲವೇ ಸಿಮ್ ಹಾಕುವ ಕ್ಯಾಮೆರಾ ತಗೋಬೇಕು.

ಈಗ ಒಂದೇ ಸಾಧನ ತೊಂದರೆ ಕೊಡುವ ಕೇಸು. ಮೊಬೈಲ್ ಆದರೆ ವೈಫೈ ಹೆಸರಿನ ಮೇಲೆ ಒತ್ತಿ ‘ಫರ್ಗೆಟ್’ ಮಾಡಿ, ಪಾಸ್‌ವರ್ಡ್ ಮತ್ತೆ ಹಾಕಿ. ಪಾಸ್‌ವರ್ಡ್ ಬದಲಾದ ಮೇಲೆ ಹಳೆಯದನ್ನೇ ಹಿಡಿದುಕೊಂಡು ಕೂತ ಮೊಬೈಲ್‌ಗಳು ಇದರಿಂದ ಸರಿಹೋಗುತ್ತವೆ. ಆಫೀಸಿನಲ್ಲಿ ನೋಂದಾಯಿಸಿದ ಸಾಧನಗಳಿಗೆ ಮಾತ್ರ ವೈಫೈ ಕೊಟ್ಟಿದ್ದರೆ ಇನ್ನೊಂದು ತೊಡಕಿದೆ. ಈಗಿನ ಮೊಬೈಲ್‌ಗಳು ತಮ್ಮ ನಿಜವಾದ ಗುರುತಿನ ಸಂಖ್ಯೆ ಮುಚ್ಚಿಟ್ಟು ಬೇರೊಂದು ತೋರಿಸ್ತವೆ. ಆ ಒಂದು ನೆಟ್‌ವರ್ಕ್‌ಗೆ ಮಾತ್ರ ‘ಪ್ರೈವೇಟ್ ಅಡ್ರೆಸ್’ ಅಥವಾ ‘ರ‍್ಯಾಂಡಮ್ ಮ್ಯಾಕ್’ ಅನ್ನುವ ಸೆಟ್ಟಿಂಗ್ ಆಫ್ ಮಾಡಬೇಕು.

ಹಳೆಯ ಕಂಪ್ಯೂಟರ್‌ಗಳದ್ದು ಇನ್ನೊಂದು ಕಥೆ. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ಆಫೀಸುಗಳಲ್ಲಿ ಬೆಳಿಗ್ಗೆ ಆನ್ ಮಾಡಿದರೆ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಅಂತ ಯಾವ ಸೈಟೂ ತೆರೆಯಲ್ಲ. ಎಲ್ಲರೂ ವೈಫೈಯನ್ನೇ ಬೈತಾರೆ. ಕೆಳಗೆ ಬಲಮೂಲೆಯಲ್ಲಿ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನದು ಇರುತ್ತೆ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದೆ, ಅಷ್ಟೇ. ಸೈಟಿನ ಸುರಕ್ಷತಾ ಪತ್ರಕ್ಕೂ ಮನುಷ್ಯರ ಲೈಸೆನ್ಸಿನ ಹಾಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ಕಂಪ್ಯೂಟರಿನ ತಾರೀಖು ತಪ್ಪಿದ್ದರೆ ಪತ್ರ ನಡೆಯಲ್ಲ. ತಾರೀಖು ಸರಿಮಾಡಿ, ಸ್ವಲ್ಪ ದುಡ್ಡಿನ ಬ್ಯಾಟರಿ ಹಾಕಿಸಿ, ಮುಗೀತು.

ವೈಫೈ ಸೇರಿದೆ, ಆದರೂ ಏನೂ ಬರ್ತಿಲ್ಲ ಅಂದರೆ ಸೆಟ್ಟಿಂಗ್‌ನಲ್ಲಿ ಐಪಿ ಅಡ್ರೆಸ್ ನೋಡಿ. ಮನೆ ನಂಬರ್ ಇದ್ದ ಹಾಗೆ ಅದು, ರೌಟರ್ ಕೊಡುತ್ತೆ. ಸಾಮಾನ್ಯವಾಗಿ 192.168 ಅಂತ ಶುರುವಾಗುತ್ತೆ. ಅದರ ಬದಲು 169.254 ಅಂತ ಇದ್ದರೆ ರೌಟರ್ ನಂಬರ್ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ಬರೆದುಕೊಂಡು ಕೂತಿದೆ ಅಂತ ಅರ್ಥ. ವೈಫೈ ಆಫ್ ಮಾಡಿ ಆನ್ ಮಾಡಿ, ಆಗದಿದ್ದರೆ ರೌಟರ್ ರೀಸ್ಟಾರ್ಟ್ ಮಾಡಿ.

ಆಫೀಸುಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಇರುತ್ತೆ. ‘ಸಿಗ್ನಲ್ ಸಾಲಲ್ಲ’ ಅಂತ ಯಾರೋ ಎರಡನೇ ರೌಟರ್ ತಂದು ಸಿಕ್ಕಿಸಿರ್ತಾರೆ. ಈಗ ಇಬ್ಬರೂ ನಂಬರ್ ಹಂಚ್ತಾರೆ. ಒಂದೇ ಊರಿಗೆ ಇಬ್ಬರು ಶಾನುಭೋಗರು ಆದ ಹಾಗೆ. ಅರ್ಧ ಕಂಪ್ಯೂಟರಿಗೆ ನೆಟ್ ಬರುತ್ತೆ, ಅರ್ಧಕ್ಕೆ ಬರಲ್ಲ, ಇವತ್ತು ಬಂದದ್ದು ನಾಳೆ ಹೋಗುತ್ತೆ. ಎರಡನೇ ರೌಟರನ್ನು ‘ಆಕ್ಸೆಸ್ ಪಾಯಿಂಟ್ ಮೋಡ್’ಗೆ ಹಾಕಿ, ನಂಬರ್ ಹಂಚುವ ಡಿಎಚ್‌ಸಿಪಿ ಕೆಲಸವನ್ನು ಒಬ್ಬರಿಗೇ ಬಿಡಿ.

ಜೆರಾಕ್ಸ್ ಅಂಗಡಿಯವರ ಪ್ರಿಂಟರ್ ತೊಂದರೆಯೂ ಇದೇ ಬಗೆಯದು. ಕರೆಂಟ್ ಹೋಗಿ ಬಂದ ಮೇಲೆ ‘ಪ್ರಿಂಟರ್ ಆಫ್‌ಲೈನ್’ ಅಂತ ಬರುತ್ತೆ. ಪ್ರಿಂಟರಿಗೆ ರೌಟರ್ ಹೊಸ ನಂಬರ್ ಕೊಟ್ಟಿದೆ, ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಾಗದ ಕಳಿಸ್ತಿದೆ. ರೌಟರಿನಲ್ಲಿ ಪ್ರಿಂಟರಿಗೆ ಒಂದು ಖಾಯಂ ನಂಬರ್ ಮೀಸಲಿಡಿ. ಇನ್ನೊಂದು, ಬಹಳಷ್ಟು ವೈಫೈ ಪ್ರಿಂಟರ್, ಕ್ಯಾಮೆರಾಗಳಿಗೆ 2.4 ಮಾತ್ರ ಗೊತ್ತು. ಸೇರಿಸುವಾಗ ಮೊಬೈಲನ್ನೂ 2.4ಕ್ಕೇ ಹಾಕಿಕೊಳ್ಳಿ.

ವೇಗದ ಬಗ್ಗೆ ಒಂದೆರಡು ಮಾತು. 100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೀನಿ, ಡೌನ್‌ಲೋಡ್ 12ರ ಮೇಲೆ ಹೋಗ್ತಿಲ್ಲ ಅಂತ ಕೆಲವರು ಸಿಟ್ಟಾಗ್ತಾರೆ. ಪ್ಲಾನ್ ಹೇಳೋದು ಬಿಟ್‌ಗಳಲ್ಲಿ, ಡೌನ್‌ಲೋಡ್ ತೋರಿಸೋದು ಬೈಟ್‌ಗಳಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿ, ಹನ್ನೆರಡೂವರೆ. ಲೆಕ್ಕ ಸರಿಯಾಗೇ ಇದೆ. ನಿಜವಾಗಿ ಕಡಿಮೆ ಬರ್ತಿದೆ ಅನಿಸಿದರೆ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ ಅಳೆಯಿರಿ. ಕೇಬಲ್‌ನಲ್ಲಿ ಪೂರ್ತಿ ಬಂದು ವೈಫೈನಲ್ಲಿ ಬರದಿದ್ದರೆ ಆಪರೇಟರ್ ತಪ್ಪಲ್ಲ. ಕೇಬಲ್‌ನಲ್ಲೂ ಬರದಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಅಳೆದು, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕೇಳಿ. ಟ್ರಾಯ್‌ನ ‘ಮೈಸ್ಪೀಡ್’ ಆ್ಯಪ್ ಇದಕ್ಕೆ ಉಪಯೋಗಕ್ಕೆ ಬರುತ್ತೆ.

ಪಾಸ್‌ವರ್ಡ್ ಬಗ್ಗೆಯೂ ಹೇಳಿಬಿಡ್ತೀನಿ. ಅಂಗಡಿಗೆ ಬಂದವರಿಗೆಲ್ಲ ಅದೇ ಪಾಸ್‌ವರ್ಡ್ ಕೊಡ್ತಾ ಹೋದರೆ ನೆಟ್ ನಿಧಾನವಾಗೋದು ಸಣ್ಣ ತೊಂದರೆ. ನಿಮ್ಮ ಕನೆಕ್ಷನ್‌ನಿಂದ ಯಾರಾದರೂ ಕೆಟ್ಟ ಕೆಲಸ ಮಾಡಿದರೆ ಪೊಲೀಸರು ಮೊದಲು ಕೇಳೋದು ಯಾರ ಹೆಸರಿನಲ್ಲಿ ಕನೆಕ್ಷನ್ ಇದೆಯೋ ಅವರನ್ನು. ಗ್ರಾಹಕರಿಗೆ ‘ಗೆಸ್ಟ್’ ವೈಫೈ ಬೇರೆ ಮಾಡಿ, ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ ಆಫ್ ಮಾಡಿ.

ಇಷ್ಟೆಲ್ಲ ನೋಡಿದ ಮೇಲೂ ಆಪರೇಟರಿಗೆ ಫೋನ್ ಮಾಡಬೇಕಾಗಿ ಬಂದರೆ ‘ನೆಟ್ ಇಲ್ಲ’ ಅನ್ನಬೇಡಿ. ಹೀಗೆ ಹೇಳಿ: ‘ಬೆಳಿಗ್ಗೆ ಒಂಬತ್ತರಿಂದ ಲಾಸ್ ಕೆಂಪಗಿದೆ, ರೀಸ್ಟಾರ್ಟ್ ಮಾಡಿದೆ, ಮುಂದಿನ ಕಂಬದ ಹತ್ತಿರ ಕೇಬಲ್ ನೇತಾಡ್ತಿದೆ.’ ಹೀಗೆ ಹೇಳಿದರೆ ಬರುವ ಹುಡುಗ ಏಣಿ ಮತ್ತು ಫೈಬರ್ ಜೋಡಿಸುವ ಯಂತ್ರ ಎರಡನ್ನೂ ಹಿಡಿದೇ ಬರ್ತಾನೆ. ಬರೀ ‘ನೆಟ್ ಇಲ್ಲ’ ಅಂದರೆ ಬರಿಗೈಯಲ್ಲಿ ಬಂದು ನೋಡಿ, ‘ನಾಳೆ ಬರ್ತೀನಿ’ ಅಂತಾನೆ. ಅವನ ಮೇಲೆ ರೇಗಬೇಡಿ, ಹತ್ತಾರು ಊರಿಗೆ ಅವನೊಬ್ಬನೇ ಓಡಾಡ್ತಿರ್ತಾನೆ. ಆದರೆ ದೂರಿನ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ದಿನಗಟ್ಟಲೆ ಸರಿಹೋಗದಿದ್ದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ಒಬ್ಬೊಬ್ಬರ ದೂರನ್ನು ನೇರವಾಗಿ ಬಗೆಹರಿಸಲ್ಲ, ಹಾಗಾಗಿ ಈ ಕ್ರಮದಲ್ಲೇ ಹೋಗಬೇಕು.

ಒಂದು ಚೀಟಿಯಲ್ಲಿ ಬರೆದು ರೌಟರ್ ಪಕ್ಕ ಅಂಟಿಸಿಕೊಳ್ಳಿ. ಒಬ್ಬರಿಗೋ ಎಲ್ಲರಿಗೋ? ಒಂದೇ ಸೈಟೋ ಎಲ್ಲ ಸೈಟೋ? ಹಾಟ್‌ಸ್ಪಾಟ್‌ನಲ್ಲಿ ತೆರೀತಾ? ಯಾವ ದೀಪ ಕೆಂಪು? ರೌಟರ್ ಹತ್ತಿರ ಬರುತ್ತಾ, ದೂರದಲ್ಲಿ ಇಲ್ವಾ? ಕಂಪ್ಯೂಟರಿನ ತಾರೀಖು ಸರಿಯಿದೆಯಾ? ಈ ಆರು ಪ್ರಶ್ನೆಗೆ ಉತ್ತರ ಬರೆದರೆ ಅರ್ಧ ರಿಪೇರಿ ಆದ ಹಾಗೆ.

ಕೌಂಟರಿನ ಆ ಕಡೆ ಕೂತು ಕೆಲಸ ಮಾಡುವ ನನ್ನ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಇನ್ನೊಂದು ಮಾತು. ‘ಸರ್ವರ್ ಇಲ್ಲ’ ಅನ್ನುವ ಮುಂಚೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ ನೋಡಿಬಿಡಿ. ಎರಡು ನಿಮಿಷದ ಕೆಲಸ. ಎದುರಿಗೆ ನಿಂತವರು ಕೊನೆ ಬಸ್ಸಿಗೆ ಮುಂಚೆ ಕೆಲಸ ಮುಗಿಸಿಕೊಂಡು ಊರು ಸೇರ್ತಾರೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ವೈಫೈ ಯಾವ ಹಂತದಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನು ತಗೊಂಡು ಮಾತಾಡೋಣ. ಅಲ್ಲಿಯವರೆಗೆ ಪಿನ್ನು ದೂರ ಇರಲಿ.